ಯಾಕೂಬ ಕಾಕಾನ ಜರ್ಮನ್ ಸಿನೆಮಾ

೫ ನವೆಂಬರ್ ೧೯೭೮, ರವಿವಾರ. ಇಳಕಲ್

ಇವತ್ತ ಕಲಾದಗಿಯಿಂದ ಬೋರವ್ವಕ್ಕ ಬಂದಿದ್ದಳು. ವಿದ್ಯಾಗಿರಿಯವರ ಅಕ್ಕ. ನನ್ನ ಗಂಡನ ಹೆಸರು ಬರೀಬಾರದಂತ ಅಲ್ಲ, ಬರಿಯಾಕ ಮನಸ್ಸ ಆಗವಲ್ದು. ಬಾಗಲಕೋಟಿ ವಿದ್ಯಾಗಿರಿ ಕಾಲೇಜಿನಾಗ ಪಾಠಾ ಹೇಳ್ತಾರ, ಮನೀನೂ ಅಲ್ಲೇ ಐತಿ, ಹಿಂಗಾಗಿ ವಿದ್ಯಾಗಿರಿಯವರು. ಅಷ್ಟು ಸಾಕು.

ಬೋರವ್ವಕ್ಕ ಚಹಾ ಕುಡೀಲಿಲ್ಲ. ಅವ್ವನ ಮುಂದ ಕುಂತು ಅಂದಳು: "ನನ್ನ ತಮ್ಮ ಎಷ್ಟ ದಿನಾ ಕೈ ಸುಟಗೊಂಡು ಉಣಬೇಕ್ರೀ ಹನಮವ್ವ? ಬರೂದಿದ್ರ ಬರ್ಲಿ. ಬರೂದಿಲ್ಲಂದ್ರ ಬಾಯಿ ಬಿಟ್ಟು ಹೇಳ್ರಿ. ಸಂಕ್ರಾಂತಿ ತನಕಾ ದಾರಿ ನೋಡ್ತೇವಿ. ಆಮ್ಯಾಲ ನಮ್ಮದು ನಾವು ನೋಡ್ಕೋತೇವಿ."

ಅವ್ವ ಸೆರಗಿಲೆ ಕಣ್ಣ ಒರಸಿಕೊಂಡಳು. ನಾ ಶೇಂಗಾ ಸುಲಿಯೂದು ಬಿಡಲಿಲ್ಲ.

ಗಣಪತಿ ಹಬ್ಬದ ಮುಂದ ಬಾಗಲಕೋಟಿ ದವಾಖಾನ್ಯಾಗ ಗಂಡು ಕೂಸು ಹುಟ್ಟಿತು, ಮೂರನೇ ದಿನಾ ಹೋತು. ನನಗ ಮೈಮ್ಯಾಲ ಎಚ್ಚರಿಲ್ಲದ ಜ್ವರ. ಕಣ್ಣ ತಗದಾಗ ಬಾಜೂಕ ಏನೂ ಇಲ್ಲ. ಅವರು ಮಣ್ಣ ಕೊಟ್ಟು ಬಂದು, ಕೈಕಾಲು ತೊಳಕೊಂಡು, "ಊಟಾ ಮಾಡು" ಅಂದರು. ಮುಂದಿನ ಸೋಮವಾರ ಕಾಲೇಜಿಗೆ ಹೋದರು. ಒಂದು ಹನಿ ಕಣ್ಣೀರಿಲ್ಲ. ಒಂದು ಮಾತಿಲ್ಲ. ನಾ ಅವ್ವನ ಜೋಡಿ ಇಲ್ಲಿಗೆ ಬಂದೆ.

ಯಾರ ಜೋಡಿ ಮಾತಾಡಲಿ ಅಂತ ಈ ವಹಿ ತಗದೇನಿ.

೧೧ ನವೆಂಬರ್

ಬರಿಯೂದೇನಿಲ್ಲ. ಮಗ್ಗದ ಸಪ್ಪಳ. ಅವ್ವ "ತಲಿ ಬಾಚಿಕೋ" ಅಂದಳು. ಬಾಚಲಿಲ್ಲ.

೧೯ ನವೆಂಬರ್, ರವಿವಾರ

ವಿದ್ಯಾಗಿರಿಯವರು ಊರಿಗೆ ಬಂದಿದ್ದರು. ನಮ್ಮ ಮನಿಗೆ ಅಲ್ಲ, ಬಾಜೂ ಮನಿಗೆ! ಯಾಕೂಬ ಕಾಕಾನ ಹತ್ತರ.

ನಮ್ಮ ಹಿತ್ತಲಕ್ಕೂ ಕಾಕಾನ ಅಂಗಳಕ್ಕೂ ನಡುವ ಒಂದ ಗೋಡಿ. ಕಾಕಾ ರೇಷ್ಮಿ ನೂಲಿಗೆ ಬಣ್ಣಾ ಹಾಕ್ತಾನ. ಅವನ ಕೈ ಯಾವತ್ತೂ ಮೊಣಕೈ ತನಕಾ ಒಂದಲ್ಲಾ ಒಂದು ಬಣ್ಣ. ವಯಸ್ಸಿನಾಗ ಎರಡನೇ ಮಹಾಯುದ್ಧಕ್ಕ ಫೌಜಿಗೆ ಹೋಗಿ, ಆಫ್ರಿಕಾದಾಗ ವೈರಿ ಕೈಗೆ ಸಿಕ್ಕು, ಇಟಲಿ, ಜರ್ಮನಿ, ಫ್ರಾನ್ಸು ಅಂತ ಕ್ಯಾಂಪಿನಿಂದ ಕ್ಯಾಂಪಿಗೆ ಕೈದಿಯಾಗಿ ತಿರುಗಿ, ಕಡೀಕ ಓಡಿ ಹೋಗಿ ಸ್ವಿಟ್ಜರ್ಲೆಂಡಿನ ಒಬ್ಬ ರೈತನ ಮನ್ಯಾಗ ಆಕಳಾ ಕಾದು ಬಂದಾಂವ. ಅಲ್ಲಿ ಮಂದಿ ಆಡೂದು ಜರ್ಮನ್. ಇಡೀ ತಾಲೂಕಿನಾಗ ಆ ಮಾತು ತಿಳಿಯೂದು ಅವನೊಬ್ಬಂಗ.

ಗೋಡಿ ಈ ಕಡೆ ನಿಂತು ಎಲ್ಲಾ ಕೇಳಿದೆ.

"ಕಾಕಾರ, ನಮ್ಮ ಫಿಲ್ಮ್ ಸೊಸಾಯಿಟಿಗೆ ಪುಣೆಯಿಂದ ಒಂದು ಸಿನೆಮಾ ಬಂದೈತಿ. ಸ್ವಿಟ್ಜರ್ಲೆಂಡಿಂದು, ಯುದ್ಧ ನಡದಾಗ ತಗದಿದ್ದು. ಕೆಳಗ ಇಂಗ್ಲಿಷ್ ಅಕ್ಷರ ಬರ್ತಾವ ಅಂತ ತಿಳಿದಿದ್ವಿ. ಬರಲಿಲ್ಲ. ಹುಡುಗರಿಗೆ ಒಂದ ಅಕ್ಷರ ತಿಳೀದು. ನೀವು ಬಂದು ಮೈಕಿನಾಗ ಕನ್ನಡದಾಗ ಹೇಳಬೇಕ್ರಿ."

"ಏನ್ ಸಿನೆಮಾ ಅದು? ಬಂದೂಕಾ, ಬಾಂಬಾ?"

"ಇಲ್ರಿ. ನಗಸೂ ಸಿನೆಮಾ. ಪ್ರೀತಿದು."

ಕಾಕಾ ಅಂದ, "ಮೊದಲ ನಾ ನೋಡಬೇಕಲಾ. ಸಿನೆಮಾ ಪೆಟಗಿ ಇಲ್ಲಿಗೇ ತಗೊಂಡು ಬಾ."

ಹೋಗುವಾಗ ನಮ್ಮ ಬಾಗಿಲಕ್ಕ ಬಂದರು. ಅವ್ವ ನೀರು ಕೊಟ್ಟಳು. ನಾ ಒಳಗಿನ ಕ್ವಾಣಿಯಿಂದ ಹೊರಗ ಬರಲಿಲ್ಲ. "ಆರಾಮ ಅದಾಳೇನ್ರಿ?" ಅಂತ ಕೇಳಿದರಂತ. ಅದಕ್ಕೇನು, ಗುರುತಿನವರು ಯಾರರೆ ಕೇಳ್ತಾರ.

ಪ್ರೀತಿ ಸಿನೆಮಾ ತೋರಸ್ತಾರಂತ, ಕೂಸು ಹೋಗಿ ಮೂರು ತಿಂಗಳಾಗಿಲ್ಲ.

೨೬ ನವೆಂಬರ್, ರವಿವಾರ

ಇವತ್ತು ಭಾಳ ಬರೀಬೇಕು.

ಮುಂಜಾನೆ ಬಸ್ಸಿಗೆ ಬಂದರು. ಪ್ರೊಜೆಕ್ಟರಿನ ಪೆಟಗಿ ಬಸ್ಸಿನ ಮ್ಯಾಲ ಹಾಕಾಕ ಕೊಡದ, ಹುನಗುಂದ ದಾಟಿ ಇಲ್ಲೀತನಕಾ ಎದಿಗೆ ಅವಚಿಕೊಂಡು ಕುಂತು ಬಂದಾರಂತ. ಅವ್ವ ಮೆಚ್ಚಿ ಹೇಳಿದಳು. ನನಗ ಹೊಟ್ಟಿ ಉರೀತು. ಕಬ್ಬಿಣದ ಪೆಟಗಿ ಅವಚಿಕೊಳ್ಳಾಕ ಬರ್ತೈತಿ ಇವರಿಗೆ!

ನಾ ಬರೂದಿಲ್ಲ ಅಂದಿದ್ದೆ. ಕಾಕಾನ ಹೆಂಡ್ತಿ ಕಾಸಿಂಬಿ ಕಾಕಿ ಬಂದು ಕೈ ಹಿಡದು ಎಳದಳು: "ಗಂಡಸರ ನಡುವ ನಾ ಒಬ್ಬಾಕಿ ಕುಂದರ್ಲೇನ? ಬಾರವಾ." ಬಣ್ಣದ ಶೆಡ್ಡಿನ ಕಿಡಕಿಗೆ ಗೋಣಿತಟ್ಟು ಕಟ್ಟಿ ಕತ್ತಲಿ ಮಾಡಿದ್ದರು. ಸುಣ್ಣ ಹಚ್ಚಿದ ಗೋಡೀನ ಪಡದೆ. ನಾವು ಬಣ್ಣದ ಹಂಡೆಗಳ ನಡುವ ಚಾಪಿ ಹಾಸಿ ಕುಂತಿವಿ. ಅವರು ಹಿಂದ ಪ್ರೊಜೆಕ್ಟರಿನ ಹತ್ತರ. ನಾ ಹೊಳ್ಳಿ ನೋಡಲಿಲ್ಲ.

ಸಿನೆಮಾದ ಹೆಸರು "ದೀಪಾ ಆರಸ್ರಿ" ಅಂತ ಕಾಕಾ ಹೇಳಿದ. ಗುಡ್ಡದಾಗ ಒಂದು ಊರು. ಗುಡ್ಡದ ಆಚೆ ಯುದ್ಧ. ವಿಮಾನದವರಿಗೆ ಕಾಣಬಾರದು ಅಂತ, ಹೊತ್ತು ಮುಣಗಿದ ಮ್ಯಾಲ ಯಾರೂ ದೀಪಾ ಹಚ್ಚಂಗಿಲ್ಲ. ಅಲ್ಲಿ ರೋಸ್ಲಿ ಅಂತ ಒಬ್ಬಾಕಿ, ರೊಟ್ಟಿ ಸುಡೂ ಅಂಗಡಿ ಆಕೀದು. ಎಮಿಲ್ ಅಂತ ಒಬ್ಬ ಸಿಪಾಯಿ, ಸೇತುವಿ ಕಾಯಾಂವ. ಹಗಲಿ ಆಕಿ ಹಿಟ್ಟಿನ ಬಂಡಿ ಇಂವ ತಡೀತಾನ, ಆಕಿ ಬೈತಾಳ, ಇಂವನೂ ಬೈತಾನ. ಕತ್ತಲಾದ ಮ್ಯಾಲ ಆಕಿ ಓಣಿ ನಳಕ್ಕ ನೀರಿಗೆ ಬರ್ತಾಳ. ಅಲ್ಲಿ ಯಾವನೋ ಒಬ್ಬಾಂವ ಕುಂತಿರ್ತಾನ. ಮುಖಾ ಕಾಣೂದಿಲ್ಲ, ಬರೇ ಮಾತು. ದಿನಾ ಬರ್ತಾಳ, ದಿನಾ ಮಾತಾಡ್ತಾರ. ಅಂವನೇ ಎಮಿಲ್ ಅಂತ ಆಕಿಗೆ ಗೊತ್ತಿಲ್ಲ, ಆಕೀನ ರೋಸ್ಲಿ ಅಂತ ಅವಂಗೂ ಗೊತ್ತಿಲ್ಲ. ಊರಿಗೆಲ್ಲಾ ಗೊತ್ತು!

"ದನೀ ಮ್ಯಾಲ ಗುರುತ ಹತ್ತೂದಿಲ್ಲೇನ?" ಅಂದಳು ಕಾಕಿ.

"ಹಗಲಿ ಇಬ್ರೂ ಒದರತಾರಲಾ. ಒದರೂ ದನಿ ಬ್ಯಾರೆ, ಮಾತಾಡೂ ದನಿ ಬ್ಯಾರೆ," ಅಂದ ಕಾಕಾ.

ಆ ಕತ್ತಲಿ ಎಷ್ಟು ಚಂದ ತಗದಾರ! ಗೋಡಿಮ್ಯಾಲ ಬಹುತೇಕ ಏನೂ ಇಲ್ಲ, ಸಿಗರೇಟಿನ ತುದೀದು ಒಂದು ಕೆಂಪ ಚುಕ್ಕಿ — ಕೆಂಪು ಅಂತ ನಾ ಅನಕೊಂಡೆ, ಸಿನೆಮಾ ಕರಿ-ಬಿಳೀದು — ಆ ಚುಕ್ಕಿ ಮ್ಯಾಲ ಕೆಳಗ ಆಗೂದ್ರಾಗನ ಅಂವ ನಕ್ಕಾನೋ ನೊಂದಾನೋ ತಿಳೀತಿತ್ತು. ಮತ್ತ ಆ ರೋಸ್ಲಿ! ಭಾಳ ಚೆಲುವಿ ಏನಲ್ಲ, ಮೂಗು ಸೊಲ್ಪ ದಪ್ಪ. ಖರೆ ಹಿಟ್ಟಿನ ಕೈಲೆ ಹಣಿ ಮ್ಯಾಗಿನ ಕೂದಲಾ ಸರಸೂದು ನೋಡಿದ್ರ ಕಣ್ಣ ಕೀಳಬಾರದು ಅನಸ್ತೈತಿ. ಸಿಟ್ಟ ಬಂದಾಗ ಮಾತಾಡೂದಕ್ಕಿಂತ ಮೊದಲ ಆಕಿ ಮೊಣಕೈ ಸಿಟ್ಟಿಗೇಳ್ತೈತಿ.

ಒಂದು ಕಡೆ ಎಮಿಲ್ ಆಕಿ ಹಿಟ್ಟಿನ ಚೀಲಾ ತಪಾಸ ಮಾಡಾಕ ಹೋಗಿ ಒಳಗ ಮುಖಾ ಹಾಕ್ತಾನ. ಅಷ್ಟ್ರಾಗ ಸಾಹೇಬ ಬರ್ತಾನ. ಅಂವ ಬೆಳ್ಳಗ ಭೂತದಂಗ ಎದ್ದು ಸಲಾಮ ಹೊಡೀತಾನ, ಸಾಹೇಬಗ ಸೀನು ಬರ್ತೈತಿ, ಸೀನಿಗೆ ಹಿಟ್ಟೆಲ್ಲಾ ಹಾರಿ ಇಡೀ ಪಲ್ಟಣಿ ಬೆಳ್ಳಗ!

ನಾ ನಕ್ಕೆ. ಸಣ್ಣಂಗ ಅಲ್ಲ. ಕಾಕಿ ತೊಡಿ ಹಿಡಕೊಂಡು ಹೊಟ್ಟಿ ನೋಯೂಹಂಗ ನಕ್ಕೆ. ನನ್ನ ದನಿ ನನಗ ಕೇಳಿಸಿತು. ಆವಾಗ ನೆನಪಾತು. ಎದ್ದು ಹಿತ್ತಲಾ ದಾಟಿ ಮನಿಗೆ ಬಂದು ಅಡಗೀ ಮನಿ ಬಾಗಲಾ ಹಾಕ್ಕೊಂಡೆ. ಎರಡೂ ಕೈಲೆ ಬಾಯಿ ಬಡಕೊಂಡೆ. ಮಣ್ಣಾಗ ಕೂಸನ್ನಿಟ್ಟು ನಗತೇನಲಾ, ಎಂಥಾ ತಾಯಿ ನಾ.

೨೭ ನವೆಂಬರ್

ಮುಂಜಾನೆ ಯಾಕೂಬ ಕಾಕಾ ಬಂದ. ಕೈ ಕಡುನೀಲಿ. ಹಿತ್ತಲ ಕಟ್ಟಿ ಮ್ಯಾಲ ಕುಂತು ಕೇಳಿದ, "ನಿನ್ನೆ ಯಾಕ ಎದ್ದು ಬಂದಿ ರೇಣವ್ವ?"

ನಾ ಕಸಾ ಉಡಗಾಕ ಹತ್ತಿದೆ. ಅಂವ ತಾನ ಹೇಳಿದ. ಹಿಂದೆಂದೂ ಅಂವ ಇದನ್ನ ಹೇಳಿದ್ದು ನಾ ಕೇಳಿಲ್ಲ.

ಫ್ರಾನ್ಸಿನ ಕ್ಯಾಂಪಿನಾಗ ಅವಂಗ ಬಾದಾಮಿ ಕಡೆಯಾಂವ ನಜೀರಸಾಬ ಅಂತ ಗೆಳೆಯ ಇದ್ದ. ಒಂದ ಕಂಬಳಿ, ಒಂದ ತಾಟು ಇಬ್ಬರಿಗೆ. ಒಂದಿನಾ ವಿಮಾನ ಬಂದು ಬಾಂಬ್ ಹಾಕಿದವು. ಕ್ಯಾಂಪಿನ ಗೋಡಿ ಬಿದ್ದು ಉಳಿದವರು ಗಡಿ ಕಡೆ ಓಡಿದರು. ನಜೀರಸಾಬ ಗೋಡಿ ಕೆಳಗ ಉಳಿದ.

"ಸ್ವಿಟ್ಜರ್ಲೆಂಡಿನಾಗ ಆ ರೈತನ ಮುದುಕಿ, ಬಾ ಅಂತ ಊರ ಸಿನೆಮಾಕ್ಕ ಕರಕೊಂಡು ಹೋದಳು. ಇಂಥದ್ದ ಒಂದು ನಗಸೂ ಸಿನೆಮಾ. ಮಾತು ತಿಳೀಲಿಲ್ಲ, ಆದ್ರೂ ನಕ್ಕೆ. ನಕ್ಕು ಹೊರಗ ಓಡಿ ಹೋದೆ. ಬರ್ಫಿನಾಗ ನಿಂತು ತಲಿ ಚಚ್ಚಿಕೊಂಡೆ. ಮುದುಕಿ ಹಿಂದಿಂದ ಬಂದಳು, ನನ್ನ ಟೊಪಗಿ ಕೈಯಾಗಿತ್ತು. ಆಕಿ ಇಬ್ರೂ ಗಂಡು ಮಕ್ಕಳನ್ನ ಕಾಯಿಲೆದಾಗ ಕಳಕೊಂಡಾಕಿ. ಏನಂದ್ಳು ಗೊತ್ತೈತೇನ? 'ಇನ್ನೂ ಅರ್ಧಾ ಉಳದೈತಿ, ಬಾ' ಅಂದ್ಳು. ನಾ ತಿಳಕೊಂಡ ಮೊದಲನೇ ಜರ್ಮನ್ ಮಾತು ಅದು."

"ನೀ ಒಳಗ ಹೋದೇನ ಕಾಕಾ?"

"ಹೋದೆ. ಟೊಪಗಿ ಆಕಿ ಕೈಯಾಗ ಇತ್ತಲಾ, ಥಂಡಿ ಅಂದ್ರ ಥಂಡಿ."

ಅಂವ ಎದ್ದ ಮ್ಯಾಲ ನೋಡ್ತೇನಿ, ಕಟ್ಟಿ ಮ್ಯಾಲ ನೀಲಿ ಕೈಯಿಂದ ಎರಡು ಗುರುತು ಬಿದ್ದಾವ. ಅವ್ವ ಬೈಕೋತ ತೊಳದಳು.

೩ ಡಿಸೆಂಬರ್, ರವಿವಾರ

ಮತ್ತ ಬಂದಿದ್ದರು, ಪೆಟಗಿ ತಗೊಂಡು. ಸಿನೆಮಾ ಪೂರಾ ನೋಡಿದೆ. ಕಾಕಾ ಹೇಳಿದಂಗ ಬರಕೊಳ್ಳಾಕ ಯಾರರೆ ಬೇಕಿತ್ತು. ಕಾಕಿಗೆ ಬರೂದಿಲ್ಲ, ಅವರು ಪ್ರೊಜೆಕ್ಟರ್ ಬಿಡಂಗಿಲ್ಲ. ಉಳದಾಕಿ ನಾ.

ಒಂದು ಮಜಾ ಆತು. ಬೈಗಳಾ, ರೊಟ್ಟಿ, ಹಿಟ್ಟು, ಆಕಳಾ, ಮಳಿ, ಇವೆಲ್ಲಾ ಕಾಕಾ ಪಟಪಟ ಹೇಳ್ತಾನ. ಕತ್ತಲಾಗ ಇಬ್ಬರೂ ಮಾತಾಡಾಕ ಹತ್ತಿದರ ಅವನ ಬಾಯಿ ಬಂದ್. "ಇದು ನನಗ ಬರೂದಿಲ್ಲವಾ. ನಾ ಅಲ್ಲಿ ಆಕಳಾ ಕಾದಾಂವ. ಆಕಳ ಜೋಡಿ ಯಾರು ಹಿಂಗ ಮಾತಾಡ್ತಾರ?"

ಕಾಕಿ ಅಂದಳು, "ನನ್ನ ಜೋಡೀನೂ ಎಂದೂ ಮಾತಾಡಿಲ್ಲ ಬಿಡು."

ಹಿಂದಿನಿಂದ ನಗು ಕೇಳಿಸಿತು. ಅವರು ನಕ್ಕಿದ್ದು. ಆ ದನಿ ನಾ ಮರತಿದ್ದೆ.

ಕಡೀಕ ಕಾಕಾ ತಿಳಿದಷ್ಟು ಶಬ್ದಾ ಕೊಡೂದು, ನಾ ರೋಸ್ಲಿ ಮುಖಾ ನೋಡಿ ಮಾತು ಜೋಡಸೂದು ಅಂತ ಆತು. "ಕೈ", "ಥಂಡಿ", "ನಿನ್ನೆ" ಅಂತ ಕಾಕಾ ಅಂದರ ನಾ, "ನಿನ್ನೆ ನೀವು ಬರಲಿಲ್ಲ, ಕೊಡಾ ಹಿಡದು ಕೈ ಥಂಡಿ ಆಗಿ ಹೋದವು" ಅಂತ ಬರದೆ.

"ನೀವು ಅಲ್ಲವಾ, ನೀ," ಅಂದ ಕಾಕಾ. "ಅವರಾಗೂ ನೀ, ನೀವು ಅಂತ ಎರಡು ಅದಾವ. ಹಗಲಿ ಸಿಟ್ಟಿನಾಗ ನೀವು ಅಂತಾಳ. ಕತ್ತಲಾಗ ನೀ."

"ಹೆಣ್ಣಮಗಳು ಗಂಡಸಿಗೆ ನೀ ಅಂದ್ರ ಹ್ಯಾಂಗ?"

"ನಾ ಏನ್ ಮಾಡ್ಲಿ? ಆಕೀನ ಕೇಳು," ಅಂತ ಗೋಡೀ ಕಡೆ ಬಟ್ಟು ಮಾಡಿದ.

ಕಡೇ ರೀಲಿನಾಗ ಎಮಿಲಗ ಬ್ಯಾರೆ ಕಡೆ ಹೋಗಂತ ಹುಕುಂ ಬರ್ತೈತಿ. ರೋಸ್ಲಿ ಕತ್ತಲಾಗ ನಿಂತು ಭಾಳ ಹೊತ್ತು ಮಾತಾಡ್ತಾಳ. ಕಾಕಾಗ ಅದರಾಗ ಏನೂ ತಿಳೀಲಿಲ್ಲ. ಮಾತು ಮುಗಿಸಿ ಆಕಿ ಕಡ್ಡಿ ಗೀರತಾಳ. ಬೆಳಕಿನಾಗ ಇಬ್ಬರ ಮುಖಾ! ಒಬ್ಬರನ್ನೊಬ್ಬರು ನೋಡಿ, ಹಗಲಿ ಬೈತಿದ್ದ ಅದ ಬೈಗಳಾ ಇಬ್ರೂ ಕೂಡೇ ಬೈದು, ನಕ್ಕು, ಅಂವ ಕಡ್ಡಿ ಊದತಾನ. ಮುಗೀತು. ಅಪ್ಪಿಕೊಂಡಿದ್ದು ಸುದ್ದಾ ತೋರಸೂದಿಲ್ಲ. ಎಂಥಾ ಮರ್ಯಾದಸ್ತ ಸಿನೆಮಾ! ಗುಡ್ಡದ ಆಚೆ ಮಂದಿ ಸಾಯಾಕ ಹತ್ತಿದ್ದರು, ಈ ಜನಾ ಕುಂತು ಇಷ್ಟು ನಾಜೂಕ ಕೆಲಸಾ ಮಾಡ್ಯಾರ. ಅವರು ಅಂಜಲಿಲ್ಲೇನ? ಅಂಜಿಕೋತನ ಮಾಡಿರಬೇಕು.

ಹೋಗುವಾಗ ಬಾಗಲದಾಗ ನಿಂತು ಕೇಳಿದರು, "ರೋಸ್ಲಿ ಮಾತು ಕಾಕಾರ ಬಾಯಾಗ ಛಲೋ ಕೇಳೂದಿಲ್ಲ. ನೀ ಬರ್ತಿಯೇನು?"

"ನೋಡೂಣು," ಅಂದೆ.

ಇಲ್ಲಿಗೆ ಬಂದ ಮ್ಯಾಲ ನಾ ಅವರ ಜೋಡಿ ಆಡಿದ ಮೊದಲನೇ ಮಾತು.

೬ ಡಿಸೆಂಬರ್

ಹಿಟ್ಟ ನಾದುವಾಗ ಎಮಿಲಗ ಬೈಕೋತ ಕುಂತಿದ್ದೆ. ಅವ್ವ, "ಯಾರಿಗವಾ ಅದು? ನನಗೇನ?" ಅಂತ ಗಾಬರಿಯಾದಳು. ಕಾಕಾ ಗೋಡಿ ಆಚೆಯಿಂದ ಎಮಿಲನ ಉತ್ತರಾ ಒದರಿದ. ಅವ್ವ ಇಬ್ಬರಿಗೂ ಹುಚ್ಚ ಹಿಡದೈತಿ ಅಂದಳು.

ರೋಸ್ಲಿ ಕಡೇ ಮಾತಿಗೆ ಮೂರು ವಾಕ್ಯ ಬರದೇನಿ: "ನಾಳೆ ನೀ ಹೋಗ್ತಿ. ನಿನ್ನ ಮುಖಾ ನಾ ನೋಡಿಲ್ಲ. ನಿನ್ನ ದನಿ ಇಲ್ಲೇ ಬಿಟ್ಟು ಹೋಗು." ಕಾಕಾ ಛಲೋ ಅದಾವ ಅಂದ.

ತಲಿಗೆ ಎಣ್ಣಿ ಹಚ್ಚಿಕೊಂಡೆ.

೯ ಡಿಸೆಂಬರ್, ಶನಿವಾರ

ನಾಳೆ ಮುಂಜಾನೆ ಬಾಗಲಕೋಟಿ ಬಸ್ಸು. ಕಾಕಾ, ಕಾಕಿ, ನಾ. ಅವ್ವ ಟ್ರಂಕಿನಾಗಿಂದ ಹಸರ ದಡೀ ಸೀರಿ ತಗದು ಇಟ್ಟಾಳ. "ಸಂಜೀಕ ಹೊಳ್ಳಿ ಬರ್ತೇನಿ" ಅಂದೆ. ಆದ್ರ ಚೀಲದಾಗ ಇನ್ನೂ ಎರಡು ಸೀರಿ ಅದಾವ, ನಾ ಇಟ್ಟಿದ್ದಲ್ಲ.

ಭಾಳ ಹೆದರಿಕಿ ಆಗೈತಿ. ಮೈಕು ನಾ ಎಂದೂ ಹಿಡದಿಲ್ಲ.

೧೦ ಡಿಸೆಂಬರ್, ರವಿವಾರ. ವಿದ್ಯಾಗಿರಿ

ಆದದ್ದು ಆದಂಗ ಬರೀತೇನಿ.

ಮಧ್ಯಾಹ್ನ ಮೂರಕ್ಕ ಕಾಲೇಜಿನ ಹಾಲ್ ತುಂಬಿತ್ತು. ಹುಡುಗರು ಕಿಡಕಿ ಕಟ್ಟಿ ಮ್ಯಾಲ ಸುದ್ದಾ ಕುಂತಿದ್ದರು. ಕರೀ ಪಡದೆ ಎಳದು ಕತ್ತಲಿ ಮಾಡಿದರು. ಬಿಳೀ ಪಡದೆ ಬಾಜೂಕ ಒಂದು ಟೇಬಲ್, ಒಂದ ಮೈಕು, ಕಾಕಾ ಮತ್ತ ನಾ. ಇವರು ಹಾಲಿನ ನಡುವ ಪ್ರೊಜೆಕ್ಟರಿನ ಹತ್ತರ.

ಮೊದಲ ಬೈಗಳಕ್ಕ ನನ್ನ ದನಿ ಹೊರಗ ಬರಲಿಲ್ಲ. ಕಾಕಾ ಮೈಕಿಗೆ ಕೈ ಅಡ್ಡ ಹಿಡದು, "ಹಿಟ್ಟ ನಾದಕೋತ ಬೈತಿದ್ದಿಯಲಾ, ಹಂಗ ಬೈ," ಅಂದ. ಬೈದೆ! "ಸೇತುವಿ ನಿಮ್ಮಪ್ಪ ಕಟ್ಟಿಸ್ಯಾನೇನ್ರಿ?" ಅಂದಿದ್ದಕ್ಕ ಹಾಲಿಗೆ ಹಾಲ ಎದ್ದು ನಕ್ಕಿತು. ಆಮ್ಯಾಲ ಹೆದರಿಕಿ ಎಲ್ಲಿ ಹೋತೋ ಗೊತ್ತಿಲ್ಲ. ಎಮಿಲ್ ಅಂದ್ರ ಕಾಕಾ, ಸಾಹೇಬ ಅಂದ್ರೂ ಕಾಕಾ, ಊರ ಪಾದ್ರಿ ಅಂದ್ರೂ ಕಾಕಾ. ಮುಪ್ಪಿನ ದನ್ಯಾಗ ಹುಡುಗನ ನಾಚಿಕಿ ಎಷ್ಟು ಚಂದ ತಂದ! ತಿಳೀಲಾರದ ಕಡೆ ಅಂವ ಧೈರ್ಯಾಗಿ ಹೊಸಾ ಮಾತು ಹುಟ್ಟಸ್ತಿದ್ದ. ಹಿಟ್ಟಿನ ಸಲಾಮಿಗೆ ಹುಡುಗರು ಬೆಂಚು ಬಡದರು. ನಾನೂ ನಕ್ಕೆ, ಮೈಕಿನಾಗನ ನಕ್ಕೆ.

ಕಡೇ ರೀಲು ಬಂತು. ಪಡದೆ ಪೂರಾ ಕತ್ತಲಿ. ರೋಸ್ಲಿ ಮಾತು ಸುರು ಆತು. ನಾ ನನ್ನ ಮೂರು ವಾಕ್ಯ ಹೇಳಿದೆ. ಅವಸರದಾಗ ಹೇಳಿಬಿಟ್ಟಿದ್ದೆ. ಆಕಿ ಇನ್ನೂ ಮಾತಾಡಾಕ ಹತ್ತಿದ್ದಳು. ಹಾಲೆಲ್ಲಾ ನನ್ನ ದಾರಿ ನೋಡಾಕ ಹತ್ತಿತ್ತು. ಕಾಕಾ ನನ್ನ ಕಡೆ ಹೊಳ್ಳಿದ.

ನಾ ಏನಂದೆ ಅಂತ ನನಗ ಪೂರಾ ನೆನಪೈತಿ.

"ನೀ ಮಾತಾಡಲಿಲ್ಲ. ಎಲ್ಲಾ ಮುಗಿಸಿ ಬಂದಿ, ಕೈ ತೊಳಕೊಂಡಿ, ಊಟಾ ಮಾಡು ಅಂದಿ. ನಾ ಊಟಾ ಬೇಡಿದ್ದಿಲ್ಲ. ನಾ ಒಬ್ಬಾಕೀನ ಅತ್ತೆ. ನೀ ಒಮ್ಮೆರೆ ನನ್ನ ಮುಂದ ಕುಂತು ಅತ್ತಿದ್ದರ ನಾ ಎಲ್ಲಿಗೂ ಹೋಗ್ತಿದ್ದಿಲ್ಲ. ನಿನ್ನ ಮನ್ಯಾಗನ ಇರ್ತಿದ್ದೆ."

ರೋಸ್ಲಿ ಕಡ್ಡಿ ಗೀರಿದಳು. ಹಾಲಿನಾಗ ಸೀಟಿ, ಚಪ್ಪಾಳಿ. ಯಾರಿಗೂ ಏನೂ ಗೊತ್ತಾಗಲಿಲ್ಲ, ಅದು ರೋಸ್ಲಿ ಮಾತೇ ಅಂತ ತಿಳಕೊಂಡರು. ಎಮಿಲ್ ಕಡ್ಡಿ ಊದಿದ. ಸಿನೆಮಾ ಮುಗೀತು, ಆದ್ರ ಮಷಿನ್ ನಿಂದರಲಿಲ್ಲ. ರೀಲಿನ ತುದಿ ಪಟಪಟ ಬಡಕೋತ ತಿರುಗಾಕ ಹತ್ತಿತ್ತು, ಬಿಳೀ ಪಡದೆ ಮ್ಯಾಲ ಬರೇ ಬೆಳಕು. ಯಾರೂ ಬಂದ್ ಮಾಡವಲ್ಲರು. ಆ ಬೆಳಕಿನಾಗ ನೋಡಿದೆ. ಇವರು ಮಷಿನ್ ಮ್ಯಾಲ ಕೈ ಇಟ್ಟು ನಿಂತಿದ್ದರು. ಅಳಾಕ ಹತ್ತಿದ್ದರು, ಮುಖಾ ಮುಚ್ಚಿಕೊಳ್ಳದ, ಎಲ್ಲಾ ಹುಡುಗರ ನಡುವ.

ಒಬ್ಬ ಹುಡುಗ, "ಸರ್, ಸಿನೆಮಾ ಭಾಳ ಹಚ್ಚಿಕೊಂಡ್ರಿ," ಅಂದ. ಇವರು, "ಹೌದಪಾ," ಅಂದರು.

ಕಾಕಾ ಮೈಕು ಬಂದ್ ಮಾಡಿ ನನ್ನ ತಲಿ ಮ್ಯಾಲ ಕೈ ಇಟ್ಟ.

"ಆಕಿ ಖರೇನ ಹಂಗ ಅಂದಿದ್ಳೇನ ಕಾಕಾ?"

"ನನಗೇನ್ ಗೊತ್ತವಾ," ಅಂದ. "ಅಂದಿದ್ರ ಅನ್ಲಿ."

ಸಂಜೀ ಬಸ್ಸಿಗೆ ನಾವು ಹೋಗಲಿಲ್ಲ. ಕಾಕಾ, ಕಾಕಿ ನಮ್ಮ ಮನ್ಯಾಗ ಉಳದಾರ. ಅಡಗೀ ಮನಿ ಹಾಳ ಬಿದ್ದೈತಿ, ಜೀರಗಿ ಡಬ್ಬ್ಯಾಗ ಸಾಸಿವಿ ಹಾಕ್ಯಾರ.

೧೧ ಡಿಸೆಂಬರ್, ಸೋಮವಾರ

ಮುಂಜಾನೆ ಕಾಕಾ-ಕಾಕೀನ್ನ ಬಸ್ಸಿಗೆ ಹತ್ತಿಸಿದಿವಿ. ಕಾಕಾ ಕಿಡಕ್ಯಾಗಿಂದ ಇವರಿಗೆ, "ಬೀರಲಿಂಗಪ್ಪ, ಇನ್ನೊಮ್ಮೆ ಇಂಥದ್ದು ಬಂದ್ರ ಕಳಸು, ಬರ್ತೇವಿ," ಅಂದ.

ಇವರು ಕಾಲೇಜಿಗೆ ರಜಾ ಹಾಕಿದ್ದರು. "ನಡಿ, ತೋರಸ್ತೇನಿ," ಅಂದರು. ಏನಂತ ನಾ ಕೇಳಲಿಲ್ಲ.

ಕಲಾದಗಿ ರಸ್ತೇಕ ಬಸ್ಸ ಇಳದು, ಹೊಲದ ಬದುವಿನ ಮ್ಯಾಲ ಹೊಳೀ ಕಡೆ ನಡದಿವಿ. ಅವರ ಮನೀ ಹೊಲಾ. ಅಲ್ಲೊಂದು ಬೇವಿನ ಗಿಡಾ. ಬುಡಕ್ಕ ಸಣ್ಣ ಸಣ್ಣ ಕಲ್ಲು ಸಾಲಾಗಿ ಜೋಡಿಸ್ಯಾರ, ನರಿ ಕೆದರಬಾರದು ಅಂತ. ಸುತ್ತ ಒಂದು ಹುಲ್ಲಕಡ್ಡಿ ಇಲ್ಲ.

"ಯಾರು ಕಿತ್ತಿದ್ದು?" ಅಂದೆ.

"ರವಿವಾರ ಬರ್ತಿದ್ದೆ. ಸಿನೆಮಾ ಬಂದ ಮ್ಯಾಲ ಆಗಲಿಲ್ಲ. ಶನಿವಾರ ಬಂದೆ."

ನಾ ಕೆಳಗ ಕುಂತೆ. ಭಾಳ ಹೊತ್ತು ಕುಂತೆ. ಇವರೂ ಕುಂತರು.

ಹೊಳ್ಳಿ ರಸ್ತೇಕ ಬಂದು ಬಸ್ಸಿನ ದಾರಿ ನೋಡ್ತಾ ಕಲ್ಲಿನ ಮ್ಯಾಲ ಕುಂತಾಗ ಕೇಳಿದೆ, "ಹ್ಯಾಂಗಿದ್ದ? ನಾ ನೆಟ್ಟಗ ನೋಡಿಲ್ಲ."

ಇವರು ಮೊದಲ ನೆಲಾ ನೋಡಿದರು. ಆಮ್ಯಾಲ ಸುರು ಮಾಡಿದರು, ನಿಂತು ನಿಂತು, ನಡುನಡುವ ಅಳಕೋತ. ಕೂದಲಾ ಭಾಳ ಇತ್ತಂತ, ಹಣಿ ತನಕಾ. ಕಿವಿ ನನ್ನಂಗ, ಮ್ಯಾಲ ಚೂಪು. ಎಡಗೈ ಮುಷ್ಟಿ ಮಾಡಿದ್ದು ಒಮ್ಮೆನೂ ಬಿಟ್ಟಿರಲಿಲ್ಲಂತ. ಬಲಗೈಗೆ ಬಟ್ಟು ಕೊಟ್ಟರ ಬಿಗಿಯಾಗಿ ಹಿಡೀತಿದ್ದನಂತ. ಎರಡನೇ ದಿನಾ ಇವರು ಮಗ್ಗಲದಾಗ ಕುಂತು ಪೇಪರ್ ಓದಿ ಹೇಳಿದರಂತ, ಮತ್ತೇನ್ ಹೇಳಬೇಕು ಅಂತ ತಿಳೀಲಾರದ. ಮಳಿ ಸುದ್ದಿ, ಶೇಂಗಾ ಧಾರಣಿ. ಅಂವ ಕಣ್ಣ ತಗದು ಕೇಳಿದನಂತ.

"ಪೇಪರ್ ಓದಿದ್ರೇನ್ರಿ ಕೂಸಿಗೆ?" ಅಂದೆ. ನಗು ಬಂತು, ಅಳುನೂ ಬಂತು.

"ಎರಡೂ ಪುಟಾ ಓದಿದೆ," ಅಂದರು.

ಬಸ್ಸು ಬಂತು. ಕಂಡಕ್ಟರ್ ಬಾಗಲದಾಗ ನಿಂತು, "ಹತ್ತತೀರೇನ್ರಿ?" ಅಂದ. ನಾ ಇಲ್ಲ ಅಂತ ಕೈ ಮಾಡಿದೆ. ಮತ್ತ ಹೇಳ್ರಿ ಅಂದೆ. ಇವರು ಮತ್ತ ಮೊದಲಿಂದ, ಕೂದಲದಿಂದ ಸುರು ಮಾಡಿದರು. ಆಮ್ಯಾಲಿನ ಬಸ್ಸೂ ಹೋತು.